ಕ್ವಾರ್ಟ್ಸೈಟ್‌ನಿಂದ ಕ್ಯಾಲ್ಗರಿಗೆ: ನೀರು ಖಾಲಿ ಮಾಡಿಕೊಂಡು ಮನೆಯ ದಾರಿ

ಚಳಿಗಾಲ ಕಳೆಯಲು ದಕ್ಷಿಣಕ್ಕೆ ಇಳಿಯುವುದು ಸುಲಭ. ದಿನಕ್ಕೊಂದು ಸ್ವೆಟರ್ ಬಿಚ್ಚುತ್ತಾ ಹೋದರೆ ಸಾಕು. ಕಷ್ಟ ಇರುವುದು ವಾಪಸ್ ಬರುವುದರಲ್ಲಿ. ಏಪ್ರಿಲ್ ಬಂತೆಂದರೆ ಅರಿಝೋನಾದ ಮರುಭೂಮಿಯಲ್ಲಿ ರಾತ್ರಿ ಫ್ಯಾನ್ ಬೇಕು. ಅದೇ ವಾರ ಕೆನಡಾದ ನಮ್ಮ ಕ್ಯಾಲ್ಗರಿಯಲ್ಲಿ ಹಿಮ ಬೀಳುತ್ತಿರುತ್ತದೆ. ನಡುವೆ ಸುಮಾರು 2,500 ಕಿಲೋಮೀಟರ್ ದಾರಿ, ಒಂದರ ಮೇಲೊಂದು ಘಾಟಿ. ನಮ್ಮ ಗಾಡಿ ಆರ್‌ವಿ, ಅಂದರೆ ಚಕ್ರದ ಮೇಲಿನ ಮನೆ. ಅದರೊಳಗೆ ಅರ್ಧ ಇಂಚಿನ ಪ್ಲಾಸ್ಟಿಕ್ ಪೈಪು, ಪೈಪಿನ ತುಂಬ ನೀರು. ಆ ನೀರು ಹೆಪ್ಪುಗಟ್ಟಿದರೆ ಪೈಪಿನ ಜಾಯಿಂಟು, ಪಂಪು, ನಲ್ಲಿ ಎಲ್ಲ ಒಡೆಯುತ್ತವೆ. ಒಡೆದದ್ದು ಗೊತ್ತಾಗುವುದು ಮಂಜು ಕರಗಿ ನೆಲ ಒದ್ದೆಯಾದ ಮೇಲೆ. ಹಾಗಾಗಿ ನಮಗೆ ಮೊದಲು ನೀರಿನ ಚಿಂತೆ, ಆಮೇಲೆ ದಾರಿಯ ಚಿಂತೆ.

ನಾನು ಮಲೆನಾಡಿನ ಸಾಗರದ ಕಡೆಯವಳು. ಮಳೆಗಾಲದಲ್ಲಿ ನೀರು ಎಲ್ಲಿಂದೆಲ್ಲ ಮನೆಯೊಳಗೆ ಬರುತ್ತದೆ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತೇನೆ. ಪೈಪಿನೊಳಗೆ ನೀರು ಕಲ್ಲಾಗುತ್ತದೆ ಎನ್ನುವುದನ್ನು ಕಲಿತದ್ದು ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯಕ್ಕೆ ಬಂದ ಮೇಲೆ. ಇವರು ರಿಟೈರ್ ಆದ ನಂತರ ಸೆಕೆಂಡ್ ಹ್ಯಾಂಡ್ ಆರ್‌ವಿ ಕೊಂಡೆವು. ಫೋರ್ಡ್ ಇ-450 ಛಾಸಿ ಮೇಲೆ ಕಟ್ಟಿದ ಗಾಡಿ, ಡ್ರೈವರ್ ತಲೆಯ ಮೇಲೆ ಒಂದು ಅಟ್ಟ, ಹಿಂದೆ ಮಂಚ, ನಡುವೆ ಅಡುಗೆಮನೆ. ಅವತ್ತೇ ಕೆಲಸ ಹಂಚಿಕೊಂಡೆವು. ಕಾಗದಪತ್ರ, ಟೈರು, ಎಂಜಿನ್ ಇವರದು. ನೀರು, ಗ್ಯಾಸು, ಅಡುಗೆ ನನ್ನದು. ಡ್ರೈವಿಂಗ್ ಇಬ್ಬರದೂ.

ನಾವು ಚಳಿಗಾಲ ಕಳೆಯುವುದು ಅರಿಝೋನಾದ ಕ್ವಾರ್ಟ್ಸೈಟ್ ಊರಿನ ಪಕ್ಕದ ಲಾ ಪೋಸಾದಲ್ಲಿ. ಅಮೆರಿಕ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನವರ ಜಾಗ ಅದು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಒಂದೇ ಪರ್ಮಿಟ್‌ನಲ್ಲಿ ಇರಬಹುದು. ಕರೆಂಟಿಲ್ಲ, ನಮ್ಮ ಗಾಡಿಯ ಪಕ್ಕಕ್ಕೇ ಬರುವ ನಲ್ಲಿ ಇಲ್ಲ. ಒಂದು ಕಡೆ ಹೋಗಿ ನೀರು ಹಿಡಿಯಬೇಕು, ಇನ್ನೊಂದು ಕಡೆ ಹೋಗಿ ಕೊಳಕು ನೀರು ಬಿಡಬೇಕು. ಸುತ್ತಲೂ ಜಲ್ಲಿ ನೆಲ, ಕ್ರಿಯೊಸೋಟ್ ಪೊದೆ, ಅಲ್ಲೊಂದು ಇಲ್ಲೊಂದು ಸಾಗ್ವಾರೊ ಕಳ್ಳಿ. ಜನವರಿಯಲ್ಲಿ ಆರ್‌ವಿ ಮೇಳದ ಹೊತ್ತಿಗೆ ಮರುಭೂಮಿ ತುಂಬ ಗಾಡಿಗಳೇ. ಮಾರ್ಚ್ ಕೊನೆಗೆ ಎಲ್ಲ ಖಾಲಿ.

ಹೊರಡುವ ದಿನ ಯಾವಾಗ ಎಂದು ನಾವು ಸುಮ್ನೆ ಇಷ್ಟ ಬಂದಂತೆ ಗೊತ್ತು ಮಾಡುವ ಹಾಗಿಲ್ಲ. ಇವರ ನೋಟ್‌ಬುಕ್ಕಿನಲ್ಲಿ ಬೇರೆ ಬೇರೆ ಲೆಕ್ಕ ಓಡುತ್ತಿರುತ್ತದೆ. ಕೆನಡಾದ ಪ್ರಜೆಗಳನ್ನು ಅಮೆರಿಕ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ ಒಳಗೆ ಬಿಡುತ್ತದೆ. ಅದು ವಲಸೆ ಇಲಾಖೆಯ ಲೆಕ್ಕ. ತೆರಿಗೆಯವರ ಲೆಕ್ಕ ಬೇರೆ: ಈ ವರ್ಷ ಅಲ್ಲಿದ್ದ ದಿನಗಳು ಪೂರ್ತಿ, ಹೋದ ವರ್ಷದ್ದರಲ್ಲಿ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ್ದರಲ್ಲಿ ಆರನೇ ಒಂದು ಭಾಗ. ಮೂರನ್ನೂ ಕೂಡಿದಾಗ 183 ಮುಟ್ಟಿದರೆ ನೀವು ಅಮೆರಿಕದ ತೆರಿಗೆಗೆ ಅಲ್ಲಿನ ನಿವಾಸಿ ಎಂದು ಲೆಕ್ಕ. ಪ್ರತಿ ವರ್ಷ 120 ದಿನ ಇದ್ದರೆ 120, 40, 20 ಸೇರಿ 180, ಬಚಾವ್. ಅದಕ್ಕಿಂತ ಜಾಸ್ತಿ ಇರುವ ನಮ್ಮಂಥವರು 8840 ಎನ್ನುವ ಫಾರ್ಮ್ ತುಂಬಿ, ನಮ್ಮ ಮನೆ, ಬ್ಯಾಂಕು, ಬದುಕು ಎಲ್ಲ ಕೆನಡಾದಲ್ಲೇ ಇದೆ ಎಂದು ತಿಳಿಸಬೇಕು. ಅದು ನಡೆಯುವುದು ಆ ವರ್ಷ ಅಲ್ಲಿದ್ದ ದಿನ 183ಕ್ಕಿಂತ ಕಡಿಮೆ ಇದ್ದರೆ ಮಾತ್ರ. ಬೆಳಿಗ್ಗೆ ಗಡಿ ದಾಟಿ ಮನೆಗೆ ಬಂದರೂ ಆ ದಿನ ಅಮೆರಿಕದ ಖಾತೆಗೇ ಹೋಗುತ್ತದೆ. ಇತ್ತ ಆಲ್ಬರ್ಟಾದ ಆರೋಗ್ಯ ವಿಮೆ ಉಳಿಯಬೇಕಾದರೆ 12 ತಿಂಗಳಲ್ಲಿ 183 ದಿನ ನಾವು ಆಲ್ಬರ್ಟಾದಲ್ಲಿ ಇರಬೇಕು. ಅದರ ಮೇಲೆ ಪ್ರವಾಸದ ಮೆಡಿಕಲ್ ಇನ್ಶೂರೆನ್ಸ್ ಮುಗಿಯುವ ತಾರೀಖು. 2025ರ ಏಪ್ರಿಲ್‌ನಿಂದ 30 ದಿನ ಅಥವಾ ಅದಕ್ಕಿಂತ ಜಾಸ್ತಿ ಉಳಿಯುವವರಿಗೆ ನೋಂದಣಿಯ ನಿಯಮವೂ ಸೇರಿಕೊಂಡಿತು. ಈಗ ಎರಡೂ ದೇಶಗಳು ಯಾರು ಯಾವತ್ತು ಗಡಿ ದಾಟಿದರು ಎನ್ನುವ ಮಾಹಿತಿ ಹಂಚಿಕೊಳ್ಳುತ್ತವೆ. ಬಾಯಿ ಲೆಕ್ಕ ನಡೆಯುವುದಿಲ್ಲ.

ಈ ಕಾಗದದ ತಾರೀಖುಗಳೆಲ್ಲ ಹೇಳುವುದು ಬೇಗ ಹೊರಡಿ ಎಂದು. ಘಾಟಿಗಳು ಹೇಳುವುದು ತಡವಾಗಿ ಹೊರಡಿ ಎಂದು. ಮಾರ್ಚ್‌ನಲ್ಲಿ ಹೊರಟವರು ಐಡಹೊದಲ್ಲೋ ಮೊಂಟಾನಾದಲ್ಲೋ ಹಿಮದಲ್ಲಿ ಸಿಕ್ಕಿಕೊಂಡ ಕಥೆಗಳನ್ನು ಸಾಕಷ್ಟು ಕೇಳಿದ್ದೇನೆ. ನಮ್ಮ ಪಕ್ಕ ನಿಲ್ಲುವ ಸಸ್ಕ್ಯಾಚೆವಾನ್‌ನ ಗೋಧಿ ರೈತರೊಬ್ಬರಿದ್ದಾರೆ. ಎಂಬತ್ತು ದಾಟಿದೆ, ಇನ್ನೂ ಗಾಡಿ ಓಡಿಸುತ್ತಾರೆ. “ಬಿತ್ತನೆ ಕಾಯ್ತಾ ಇದೆ ಅಂತ ಓಡಿದವರೇ ಜಾಸ್ತಿ ಸಿಕ್ಕಿಕೊಂಡಿದ್ದು,” ಎನ್ನುತ್ತಾರೆ ಅವರು. ನಮಗೆ ಬಿತ್ತನೆಯಿಲ್ಲ. ಮಗಳ ಫೋನ್ ಮಾತ್ರ ಇದೆ: “ಅಮ್ಮಾ, ಯಾವತ್ತು ಬರ್ತೀರಾ, ಕರೆಕ್ಟಾಗಿ ಹೇಳು.” ಕರೆಕ್ಟಾಗಿ ಹೇಳುವುದಿಲ್ಲ ಎನ್ನುವುದೇ ನನ್ನ ನಿಯಮ. ಏಪ್ರಿಲ್ ಮೊದಲ ವಾರ ಹೊರಡುವುದು, ಇಂಥ ದಿನವೇ ತಲುಪುತ್ತೇವೆ ಎಂದು ಯಾರಿಗೂ ಮಾತು ಕೊಡದಿರುವುದು. ತಾರೀಖು ಹೇಳಿದರೆ ಮುಗಿಯಿತು, ಹಿಮದಲ್ಲೂ ಗಾಡಿ ಓಡಿಸುವ ಹುಚ್ಚು ಹತ್ತುತ್ತದೆ.

ಹೊರಡುವ ಹಿಂದಿನ ವಾರ ಗಾಡಿಯ ಬಾನೆಟ್ ತೆಗೆದು ನೋಡುವುದು ಕಡ್ಡಾಯ. ಮರುಭೂಮಿಯಲ್ಲಿ ಪ್ಯಾಕ್‌ರ‍್ಯಾಟ್ ಎನ್ನುವ ಇಲಿ ಇದೆ. ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಬಂದು ಗೂಡು ಕಟ್ಟುತ್ತದೆ. ಎಂಜಿನ್ ಜಾಗ ಅದಕ್ಕೆ ಬಲು ಇಷ್ಟ. ಕತ್ತಲೆ, ಬೆಚ್ಚಗೆ, ಕಡಿಯಲು ಬೇಕಾದಷ್ಟು ವೈರು. ಅದಕ್ಕೇ ಲಾ ಪೋಸಾದಲ್ಲಿ ರಾತ್ರಿ ಬಾನೆಟ್ ತೆರೆದಿಟ್ಟು ಒಳಗೆ ಸಣ್ಣ ಲೈಟು ಹಾಕಿದ ಗಾಡಿಗಳು ಕಾಣುತ್ತವೆ. ಈ ಸಲ ನಮ್ಮ ಏರ್ ಫಿಲ್ಟರ್ ಡಬ್ಬದ ಪಕ್ಕ ಚೋಯಾ ಕಳ್ಳಿಯ ತುಂಡುಗಳ ಗುಪ್ಪೆ ಸಿಕ್ಕಿತು. ನೆಲ್ಲಿಕಾಯಿ ಗಾತ್ರದ ತುಂಡು, ಮೈತುಂಬ ಮುಳ್ಳು. ಆ ಮುಳ್ಳುಗಳನ್ನು ಆ ಇಲಿ ಬಾಯಲ್ಲಿ ಹೇಗೆ ಕಚ್ಚಿ ತರುತ್ತದೋ ದೇವರೇ ಬಲ್ಲ. ಅದರ ನಡುವೆ ನಮ್ಮದೇ ಒಂದು ಬಟ್ಟೆ ಕ್ಲಿಪ್ಪು, ಪಿಸ್ತಾ ಸಿಪ್ಪೆ, ಯಾವುದೋ ಬಾಟಲಿಯ ಮುಚ್ಚಳ. ಇವರು ಇಕ್ಕಳದಲ್ಲಿ ಒಂದೊಂದೇ ತೆಗೆದರು. ಪುಣ್ಯಕ್ಕೆ ವೈರು ಕಡಿದಿರಲಿಲ್ಲ.

ಟೈರಿನದು ಇನ್ನೊಂದು ಕಥೆ. ಆರ್‌ವಿ ಟೈರು ಸವೆದು ಹಾಳಾಗುವುದು ಕಡಿಮೆ, ಬಿಸಿಲಿಗೆ ಒಣಗಿ ಬಿರುಕು ಬಿಟ್ಟು ಹಾಳಾಗುವುದೇ ಜಾಸ್ತಿ. ಪಕ್ಕದಲ್ಲಿ ಒತ್ತಿದ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ, ವರ್ಷ ಹೇಳುತ್ತದೆ. 1821 ಎಂದಿದ್ದರೆ 2021ರ 18ನೇ ವಾರ. ಚಳಿಗಾಲವಿಡೀ ನಾವು ಚಕ್ರಕ್ಕೆ ಬಿಳಿ ಕವರ್ ಹಾಕಿಡುತ್ತೇವೆ. ನಮ್ಮ ಗಾಡಿಗೆ ಆರು ಚಕ್ರ. ಹಿಂದೆ ಎರಡೆರಡು ಜೋಡಿ, ಒಳಗಿನ ಚಕ್ರದ ವಾಲ್ವು ಕೈಗೆ ಸಿಗುವುದೇ ಇಲ್ಲ. ಇವರು ನೆಲಕ್ಕೆ ಚಾಪೆ ಹಾಸಿ, ಮೊಣಕೈವರೆಗೆ ಕಪ್ಪು ಮಾಡಿಕೊಂಡು ಗಾಳಿ ನೋಡುತ್ತಾರೆ. ಇಲ್ಲಿ ಬಿಸಿಲಲ್ಲಿ 80 ಪಿಎಸ್‌ಐ ತುಂಬಿಸಿದ್ದು ಮೊಂಟಾನಾದ ಮುಂಜಾವಿನ ಚಳಿಯಲ್ಲಿ 70ರ ಆಸುಪಾಸಿಗೆ ಇಳಿದಿರುತ್ತದೆ. ಟೈರು ತೂತಾಗಿರುವುದಿಲ್ಲ, ಗಾಳಿ ಕುಗ್ಗಿರುತ್ತದೆ ಅಷ್ಟೆ. ಆದರೆ ತುಂಬಿದ ಗಾಡಿಯನ್ನು ಅಷ್ಟು ಕಡಿಮೆ ಗಾಳಿಯಲ್ಲಿ ಓಡಿಸುವಂತಿಲ್ಲ. ಹಾಗಾಗಿ ದಾರಿಯುದ್ದಕ್ಕೂ ದಿನಾ ಬೆಳಿಗ್ಗೆ ಎಂಜಿನ್ ಶುರು ಮಾಡುವ ಮೊದಲೇ ನೋಡಬೇಕು. ಸಣ್ಣ ಏರ್ ಕಂಪ್ರೆಸರ್ ಒಂದು ಜತೆಗಿದ್ದರೆ ಬಂಕು ಹುಡುಕುವ ತಾಪತ್ರಯ ಇಲ್ಲ.

ನನಗೆ ಬೇಜಾರಾದ ವಿಷಯ ಕರಿಬೇವಿನ ಗಿಡದ್ದು. ಫೀನಿಕ್ಸ್‌ನ ಕನ್ನಡದವರೊಬ್ಬರ ಮನೆಯಿಂದ ತಂದ ಸಸಿ, ಕುಂಡದಲ್ಲಿ ಚೆನ್ನಾಗಿ ಚಿಗುರಿತ್ತು. ಒಗ್ಗರಣೆಗೆ ಎಲೆ ಕೊಯ್ದುಕೊಳ್ಳುವುದೇ ಒಂದು ಖುಷಿ. ಅದನ್ನು ಮನೆಗೆ ತರುವ ಹಾಗಿಲ್ಲ. ಕಿತ್ತಳೆ, ನಿಂಬೆ ಮರಗಳನ್ನು ಕೊಲ್ಲುವ ಗ್ರೀನಿಂಗ್ ರೋಗವನ್ನು ಹರಡುವ ಸಣ್ಣ ಜಿಗಿಹುಳ ಕರಿಬೇವಿನ ಮೇಲೂ ಕೂರುತ್ತದೆ. ಕರಿಬೇವು ನಿಂಬೆಯ ಕುಟುಂಬಕ್ಕೇ ಸೇರಿದ ಗಿಡ. ಹುಳ ಇರುವ ಪ್ರದೇಶಗಳಿಂದ ಗಿಡವನ್ನಾಗಲಿ ಹಸಿ ಎಲೆಯನ್ನಾಗಲಿ ಹೊರಗೆ ಒಯ್ಯಲು ಅಮೆರಿಕದ ಕೃಷಿ ಇಲಾಖೆಯ ನಿರ್ಬಂಧ ಇದೆ. ರಾಜ್ಯದಿಂದ ರಾಜ್ಯಕ್ಕೆ, ಆಮೇಲೆ ದೇಶದಿಂದ ದೇಶಕ್ಕೆ ಆ ಕುಂಡ ಹೊತ್ತುಕೊಂಡು ಉತ್ತರ ಕೊಡುವ ಚೈತನ್ಯ ನನಗಿಲ್ಲ. ಅವರ ಮನೆಗೇ ವಾಪಸ್ ಕೊಟ್ಟೆ. ನವೆಂಬರ್‌ನಲ್ಲಿ ಮತ್ತೆ ತಂದುಕೊಳ್ಳುತ್ತೇನೆ ಎಂದು ಹೇಳಿ ಬಂದಿದ್ದೇನೆ. ಇಟ್ಟಿರುತ್ತಾರೋ ಚಟ್ನಿಪುಡಿ ಮಾಡಿ ಮುಗಿಸಿರುತ್ತಾರೋ ನೋಡಬೇಕು.

ಹೊರಡುವ ದಿನ ಮೊದಲ ಕೆಲಸ ಡಂಪ್ ಸ್ಟೇಷನ್ನಿಗೆ ಹೋಗುವುದು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಆರ್‌ವಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕು. ಒಳ್ಳೆ ನೀರಿನದು, ಪಾತ್ರೆ ಮತ್ತು ಸ್ನಾನದ ನೀರಿನ ಗ್ರೇ ಟ್ಯಾಂಕು, ಟಾಯ್ಲೆಟ್ಟಿನ ಬ್ಲ್ಯಾಕ್ ಟ್ಯಾಂಕು. ಯಾವಾಗಲೂ ಬ್ಲ್ಯಾಕ್ ಮೊದಲು, ಗ್ರೇ ಆಮೇಲೆ. ಸೋಪಿನ ನೀರು ಹಿಂದೆ ಬಂದರೆ ಪೈಪು ತನ್ನಷ್ಟಕ್ಕೆ ತೊಳೆದುಕೊಳ್ಳುತ್ತದೆ. ಗ್ಲೌಸು ಹಾಕಿಕೊಂಡು, ಪೈಪಿನ ತುದಿಯನ್ನು ನೆಲದ ತೂತಿಗೆ ಗಟ್ಟಿಯಾಗಿ ಕೂರಿಸಿ, ಕಾಲಲ್ಲಿ ಒತ್ತಿ ಹಿಡಿದು ವಾಲ್ವ್ ಎಳೆಯಬೇಕು. ಇದನ್ನು ಕೇಳಿ ಮೂಗು ಮುರಿಯುವ ನೆಂಟರಿದ್ದಾರೆ. ಅವರು ಲಾಸ್ ವೇಗಸ್ ಹೋಟೆಲಿನ ಫೋಟೊ ಹಾಕಿಕೊಂಡು ಸುಖವಾಗಿರಲಿ.

ಊರು ಬಿಡುವ ಮೊದಲು ಕ್ವಾರ್ಟ್ಸೈಟ್‌ನ ಸ್ಮಶಾನದ ಕಡೆ ಒಂದು ಸುತ್ತು ಹೋದೆವು. ಅಲ್ಲಿ ಕಲ್ಲಿನ ಪುಟ್ಟ ಪಿರಮಿಡ್ಡು, ಅದರ ತುದಿಯಲ್ಲಿ ಲೋಹದ ಒಂಟೆ. ಹಾಜಿ ಅಲಿ ಎಂಬವರ ಸಮಾಧಿ. ಮರುಭೂಮಿಯಲ್ಲಿ ಸಾಮಾನು ಸಾಗಿಸಲು ಅಮೆರಿಕದ ಸೈನ್ಯ 1856ರಲ್ಲಿ ಒಂಟೆಗಳನ್ನು ಹಡಗಿನಲ್ಲಿ ತರಿಸಿದಾಗ ಅವುಗಳ ಜತೆ ಬಂದವರು. ಇಲ್ಲಿನವರ ನಾಲಿಗೆಯಲ್ಲಿ ಅವರ ಹೆಸರು ಹೈ ಜಾಲಿ ಆಯಿತು. ಒಂಟೆ ಯೋಜನೆ ನಿಂತುಹೋಯಿತು, ಅವರು ಮಾತ್ರ ಇಲ್ಲೇ ಉಳಿದು 1902ರಲ್ಲಿ ತೀರಿಕೊಂಡರು. ಇಲ್ಲಿಗೆ ಬರುವ ಸಾವಿರಾರು ಗಾಡಿಯವರಲ್ಲಿ ಎಷ್ಟು ಜನ ಅದನ್ನು ನೋಡುತ್ತಾರೋ. ನಮಗೆ ಆ ಜಾಗ ಇಷ್ಟ.

ಅಲ್ಲಿಂದ ಪಾರ್ಕರ್, ಲೇಕ್ ಹವಾಸು, ಕಿಂಗ್‌ಮನ್. ಕ್ಯಾಲಿಫೋರ್ನಿಯಾದ ನೀಡಲ್ಸ್ ಮೇಲೆ ಹೋಗುವ ದಾರಿಯೂ ಇದೆ. ಆದರೆ ಅಲ್ಲಿ ಪೆಟ್ರೋಲ್ ದುಬಾರಿ, ನಮ್ಮ ಗಾಡಿ 100 ಕಿಲೋಮೀಟರಿಗೆ 25ರಿಂದ 30 ಲೀಟರ್ ಕುಡಿಯುತ್ತದೆ. ಕಿಂಗ್‌ಮನ್ನಿಂದ ಹೂವರ್ ಅಣೆಕಟ್ಟಿನ ಪಕ್ಕದ ಎತ್ತರದ ಸೇತುವೆ ದಾಟಿ ನೆವಾಡಾ. ಆ ಸೇತುವೆ 2010ರಲ್ಲಿ ಆಯಿತು. ಅದಕ್ಕೆ ಮೊದಲು ಈ ದಾರಿ ಅಣೆಕಟ್ಟಿನ ನೆತ್ತಿಯ ಮೇಲೇ ಹೋಗುತ್ತಿತ್ತು. ಲಾಸ್ ವೇಗಸ್ಸನ್ನು ಬೆಳಿಗ್ಗೆ ಹತ್ತು ಗಂಟೆಯ ಮೇಲೆ ದಾಟಿಬಿಟ್ಟರೆ ಟ್ರಾಫಿಕ್ಕಿನ ತಲೆನೋವು ಕಡಿಮೆ. ಮೆಸ್ಕೀಟ್ ಕಳೆದ ಮೇಲೆ ಇಂಟರ್‌ಸ್ಟೇಟ್ 15 ಅರಿಝೋನಾದ ಒಂದು ಮೂಲೆಯನ್ನು ಕತ್ತರಿಸಿಕೊಂಡು ವರ್ಜಿನ್ ನದಿಯ ಕಮರಿಯೊಳಗೆ ನುಗ್ಗುತ್ತದೆ. ಎರಡೂ ಕಡೆ ಗೋಡೆಯಂಥ ಬಂಡೆ, ಸೇತುವೆಯ ಮೇಲೆ ಸೇತುವೆ, ತಿರುವಿನ ಮೇಲೆ ತಿರುವು. ಇಲ್ಲಿ ನಾನು ಗಾಡಿ ಓಡಿಸುವುದಿಲ್ಲ, ಬಂಡೆ ನೋಡುತ್ತೇನೆ. ಆಚೆ ಬದಿಗೆ ಬಂದರೆ ಯೂಟಾ, ಗಡಿಯಾರ ಒಂದು ಗಂಟೆ ಮುಂದೆ. ಅರಿಝೋನಾ ಬೇಸಿಗೆಗೆ ಗಡಿಯಾರ ತಿರುಗಿಸುವುದಿಲ್ಲ, ಯೂಟಾ ತಿರುಗಿಸುತ್ತದೆ.

ಸೇಂಟ್ ಜಾರ್ಜ್‌ನಲ್ಲಿ ನಾವು ನಿಲ್ಲುವುದು ಊರು ನೋಡಲು ಅಲ್ಲ. ಅಲ್ಲಿಯವರೆಗೆ ಬೆಚ್ಚಗೆ. ಸಮುದ್ರ ಮಟ್ಟದಿಂದ ಸುಮಾರು 870 ಮೀಟರ್. ಅಲ್ಲಿಂದ ಒಂದೇ ಗಂಟೆಯ ದಾರಿಯಲ್ಲಿ ಸೀಡರ್ ಸಿಟಿ, ಸುಮಾರು 1,780 ಮೀಟರ್. ರಾತ್ರಿ ನೀರು ಹೆಪ್ಪುಗಟ್ಟುವ ಗೆರೆ ಇವೆರಡರ ನಡುವೆ ಇದೆ. ಗಾಡಿಯನ್ನು ಚಳಿಗಾಲಕ್ಕೆ ಮುಚ್ಚುವ ಕೆಲಸವನ್ನು ಜನ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಮಾಡುತ್ತಾರೆ. ನಾನು ಅದನ್ನು ಏಪ್ರಿಲ್‌ನಲ್ಲಿ, ಅರ್ಧ ತೋಳಿನ ಅಂಗಿ ಹಾಕಿಕೊಂಡು, ಬಿಸಿಲಲ್ಲಿ ನಿಂತು ಮಾಡುತ್ತೇನೆ. ಪಕ್ಕದ ಸೈಟಿನವರು ನೋಡಿ ನಗುತ್ತಾರೆ. ನಂಬರ್ ಪ್ಲೇಟಿನಲ್ಲಿ ಆಲ್ಬರ್ಟಾ ಎಂದು ಓದಿದ ಮೇಲೆ ನಗು ನಿಲ್ಲುತ್ತದೆ.

ಕೆಲಸ ಶುರುವಾಗುವುದು ವಾಟರ್ ಹೀಟರ್‌ನಿಂದ. ಹಿಂದಿನ ರಾತ್ರಿಯೇ ಆರಿಸಿ ನೀರು ತಣ್ಣಗಾಗಲು ಬಿಡಬೇಕು. ಬೆಳಿಗ್ಗೆ ಪಂಪು ಬಂದ್ ಮಾಡಿ, ಒಳಗೆ ಒಂದು ನಲ್ಲಿ ತೆಗೆದು, ಪ್ರೆಷರ್ ಇಳಿದಿದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಹೊರಗಿನಿಂದ ಕೆಳಗಿನ ಬೋಲ್ಟ್ ಬಿಚ್ಚಬೇಕು. ನಮ್ಮ ಹೀಟರ್‌ನಲ್ಲಿ ಆ ಬೋಲ್ಟಿಗೇ ಆ್ಯನೋಡ್ ರಾಡ್ ಅಂಟಿಕೊಂಡಿರುತ್ತದೆ. ಟ್ಯಾಂಕಿನ ಉಕ್ಕು ತುಕ್ಕು ಹಿಡಿಯುವ ಬದಲು ಈ ರಾಡು ತಾನು ಕರಗುತ್ತದೆ. ಅದರ ಕೆಲಸವೇ ಅದು. ಶರತ್ಕಾಲದಲ್ಲಿ ಹಾಕುವಾಗ ನನ್ನ ಹೆಬ್ಬೆರಳಿನಷ್ಟು ದಪ್ಪ, ನುಣ್ಣಗೆ. ಈಗ ಹೊರಗೆ ಬಂದಾಗ ಬುಡದಲ್ಲಿ ಮಾತ್ರ ಸ್ವಲ್ಪ ಲೋಹ ಉಳಿದಿತ್ತು, ಉಳಿದದ್ದೆಲ್ಲ ಗುಳಿ ಗುಳಿ, ತುದಿಯಲ್ಲಿ ಬರೀ ಒಳಗಿನ ತಂತಿ. ಹಿಂದೆಯೇ ನೀರು ಭುಸ್ ಎಂದು ಬಂತು, ಜತೆಗೆ ಬಿಳಿ ಸುಣ್ಣದ ಚೂರುಗಳು. ಅರಿಝೋನಾದ ನೀರು ಅಷ್ಟು ಗಡಸು. ಟ್ಯಾಂಕಿನೊಳಗೆ ಸಣ್ಣ ಪೈಪು ತೂರಿಸಿ ಸುಣ್ಣವೆಲ್ಲ ಹೋಗುವವರೆಗೆ ತೊಳೆದೆ.

ಆಮೇಲೆ ಒಳ್ಳೆ ನೀರಿನ ಟ್ಯಾಂಕು ಖಾಲಿ. ಗಾಡಿಯ ಕೆಳಗೆ ತಗ್ಗಿನ ಜಾಗದಲ್ಲಿ ಬಿಸಿನೀರಿಗೊಂದು ತಣ್ಣೀರಿಗೊಂದು ಎರಡು ಸಣ್ಣ ಮುಚ್ಚಳ ಇವೆ. ಅವನ್ನು ತೆಗೆದು ಎಲ್ಲ ನಲ್ಲಿ ತೆರೆದರೆ ಪೈಪಿನ ನೀರು ಇಳಿಯುತ್ತದೆ. ಪೂರ್ತಿ ಇಳಿಯುವುದಿಲ್ಲ, ಬಾಗುಗಳಲ್ಲಿ ನಿಂತಿರುತ್ತದೆ. ಅದಕ್ಕೇ ಪಿಂಕ್ ಆ್ಯಂಟಿಫ್ರೀಜ್, ಚಳಿಗೆ ಪೈಪು ಒಡೆಯದಂತೆ ಕಾಯುವ ಗುಲಾಬಿ ದ್ರವ. ಕಾರಿನ ರೇಡಿಯೇಟರಿಗೆ ಹಾಕುವ ಕೂಲಂಟ್ ವಿಷ, ಕುಡಿಯುವ ನೀರಿನ ಪೈಪಿಗೆ ಅದನ್ನು ಯಾವತ್ತೂ ಹಾಕಬಾರದು. ಆರ್‌ವಿಯದ್ದು ಪ್ರೊಪಿಲೀನ್ ಗ್ಲೈಕಾಲ್, ಬೇರೆಯೇ. ಹೀಟರನ್ನು ಬೈಪಾಸ್ ಮಾಡಬೇಕು, ಇಲ್ಲದಿದ್ದರೆ ಅದರ ಹೊಟ್ಟೆ ತುಂಬಿಸಲಿಕ್ಕೇ ಆರು ಗ್ಯಾಲನ್ ಸುಮ್ಮನೆ ಹೋಗುತ್ತದೆ. ಬೈಪಾಸ್ ಆದರೆ ಎರಡು ಮೂರು ಗ್ಯಾಲನ್ ಸಾಕು. ಪಂಪಿನ ಸಣ್ಣ ಪೈಪನ್ನು ಕ್ಯಾನಿಗೆ ಇಳಿಬಿಟ್ಟು ಪಂಪು ಹಾಕಿ, ಪಂಪಿಗೆ ಹತ್ತಿರದ ನಲ್ಲಿಯಿಂದ ಶುರು ಮಾಡಿ ಒಂದೊಂದೇ ತೆರೆಯುವುದು. ಮೊದಲು ಗಾಳಿ ಉಗುಳುತ್ತದೆ, ಆಮೇಲೆ ನೀರು, ಆಮೇಲೆ ತಿಳಿ ಗುಲಾಬಿ, ಕೊನೆಗೆ ಗಾಢ ಗುಲಾಬಿ. ಆಗ ಬಂದ್. ತಣ್ಣೀರು ಆದ ಮೇಲೆ ಬಿಸಿನೀರು, ಶವರ್, ಟಾಯ್ಲೆಟ್. ಜನ ಮರೆಯುವುದು ಗಾಡಿಯ ಹೊರಗಿನ ಶವರನ್ನು. ಕೊನೆಗೆ ಪ್ರತಿ ಸಿಂಕಿನ ಬಾಯಿಗೂ ಒಂದೊಂದು ಲೋಟ, ಕೆಳಗಿನ ಬಾಗಿನಲ್ಲಿ ನಿಂತ ನೀರಿಗೆ.

ಅಲ್ಲಿಂದ ಮುಂದೆ ಗಾಡಿ ಒಣಗಿದ ಗಾಡಿ. ಕುಡಿಯಲು, ಅಡುಗೆಗೆ ಕ್ಯಾನಿನ ನೀರು. ಸ್ನಾನ ಟ್ರಕ್ ಸ್ಟಾಪಿನಲ್ಲಿ. ಟಾಯ್ಲೆಟ್ಟಿಗೆ ಚೊಂಬಿನಲ್ಲಿ ಉಳಿದ ಪಿಂಕು. “ಚೊಂಬು ಇಲ್ಲಿಗೂ ಬಂತಲ್ಲ,” ಎಂದು ಇವರು ಪ್ರತಿ ಸಲ ಹೇಳುತ್ತಾರೆ, ಪ್ರತಿ ಸಲ ತಾವೇ ನಗುತ್ತಾರೆ. ಪಾತ್ರೆ ತೊಳೆಯುವುದು ಆದಷ್ಟು ಕಡಿಮೆಯಾಗಬೇಕು. ಹಾಗಾಗಿ ಮೊಸರವಲಕ್ಕಿ, ಚಪಾತಿ, ಕುಕ್ಕರಿನಲ್ಲಿ ಒಂದೇ ಪಾತ್ರೆಯ ಬಿಸಿಬೇಳೆ ಬಾತು. ಹೊರಗೆ ಹಿಮ, ಒಳಗೆ ಬಿಸಿಬೇಳೆ ಬಾತು, ಮೇಲೆ ಒಂದು ಚಮಚ ತುಪ್ಪ. ಇದನ್ನು ಕಷ್ಟ ಎಂದು ಹೇಳಿದರೆ ನಾಲಿಗೆಗೆ ಪಾಪ.

ಸೀಡರ್ ಸಿಟಿ, ಬೀವರ್, ಪ್ರೊವೊ, ಸಾಲ್ಟ್ ಲೇಕ್ ಸಿಟಿ ದಾಟಿ ಐಡಹೊ. ಸಾಲ್ಟ್ ಲೇಕಿನ ಆಸುಪಾಸು ಗಾಡಿಗಳ ಸಾಲೇ ಸಾಲು, ಹೇಳುವಂಥದ್ದೇನಿಲ್ಲ. ಐಡಹೊ ಫಾಲ್ಸ್‌ನಲ್ಲಿ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಮುಂದೆ ಮೊನೈಡಾ ಘಾಟಿ, ಸುಮಾರು 2,090 ಮೀಟರ್, ಐಡಹೊ ಮೊಂಟಾನಾಗಳ ಗಡಿ. ನಮ್ಮ ಆಗುಂಬೆಯಂತೆ ಸುತ್ತಿ ಸುತ್ತಿ ಏರುವ ಘಾಟಿ ಅಲ್ಲ ಇದು. ನೆಟ್ಟಗೆ, ಅಗಲವಾಗಿ, ಬಟ್ಟಬಯಲಲ್ಲಿ ಮೆಲ್ಲಗೆ ಏರುತ್ತದೆ. ಅದೇ ಅಪಾಯ, ಗಾಳಿಗೆ ತಡೆಯೇ ಇಲ್ಲ. ರಸ್ತೆ ಸ್ಥಿತಿ ತಿಳಿಸುವ ಎರಡೂ ರಾಜ್ಯಗಳ 511 ವೆಬ್‌ಸೈಟಿನಲ್ಲಿ ರಸ್ತೆಯ ಕ್ಯಾಮೆರಾಗಳಿವೆ. ಸಂಜೆ ನೋಡಿದರೆ ಪರದೆಯಲ್ಲಿ ಬರೀ ಬಿಳಿ, ರಸ್ತೆ ಎಲ್ಲಿ ಹೊಲ ಎಲ್ಲಿ ಗೊತ್ತಾಗುತ್ತಿಲ್ಲ. “ನಾಳೆ ನೋಡೋಣ ಕಣೇ,” ಎಂದರು ಇವರು. ನಾಳೆಯೂ ಹಾಗೇ ಇತ್ತು. ನಾವು ಕದಲಲಿಲ್ಲ.

ಆ ಕಾಯುವ ದಿನವೇ ನನಗೆ ಇಡೀ ಪ್ರಯಾಣದಲ್ಲಿ ಇಷ್ಟವಾದದ್ದು. ಫರ್ನೇಸ್ ಗುಂಯ್ ಎನ್ನುತ್ತಾ ಉರಿಯುತ್ತದೆ. ಗ್ಯಾಸಿನದಾದರೂ ಅದರ ಫ್ಯಾನು ಓಡಲು ಬ್ಯಾಟರಿ ಬೇಕು. ಈ ಚಳಿಗಾಲ ಕ್ವಾರ್ಟ್ಸೈಟ್‌ನಲ್ಲಿ ಒಂದು ಲಿಥಿಯಂ ಬ್ಯಾಟರಿ ಕೊಂಡಿದ್ದೆವು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಹಾಳಾಗುತ್ತದೆ. ಮರುಭೂಮಿಯಲ್ಲಿ ಕೊಳ್ಳುವವರಿಗೆ ಅದು ನೆನಪಿಗೇ ಬರುವುದಿಲ್ಲ. ನಾವು ಹಳೆ ಬ್ಯಾಟರಿ ಇದ್ದ ಹೊರಗಿನ ಗೂಡು ಬಿಟ್ಟು, ಒಳಗೆ ಸೀಟಿನ ಕೆಳಗೆ ಹಾಕಿಸಿದ್ದೆವು. ನಾವು ಬೆಚ್ಚಗಿದ್ದರೆ ಅದೂ ಬೆಚ್ಚಗೆ. ಹೊರಗೆ ಮೈನಸ್ ಎಂಟು, ಒಳಗೆ ಶುಂಠಿ ಕಾಫಿ, ಇವರ ಕೈಯಲ್ಲಿ ಹಳೆ ಪದಬಂಧ. ಪಾರ್ಕಿಂಗಿನಲ್ಲಿ ನಮ್ಮ ಥರವೇ ಕಾಯುತ್ತಿದ್ದ ಆಲ್ಬರ್ಟಾ ಪ್ಲೇಟಿನ ಗಾಡಿಗಳು. ಒಬ್ಬರು ಬಾಗಿಲು ತಟ್ಟಿ ಎರಡು ಗ್ಯಾಲನ್ ಪಿಂಕ್ ಇದೆಯಾ ಎಂದು ಕೇಳಿದರು. ಅವರು ಸಾಲ್ಟ್ ಲೇಕ್‌ವರೆಗೂ ನೀರು ಇಟ್ಟುಕೊಂಡೇ ಬಂದಿದ್ದರಂತೆ. ಒಂದು ಗ್ಯಾಲನ್ ಕೊಟ್ಟೆ.

ಘಾಟಿ ತೆರವಾದ ದಿನ ಬಿಸಿಲು, ಕಪ್ಪು ರಸ್ತೆ, ಎರಡೂ ಕಡೆ ಹಿಮದ ಗೋಡೆ. ಡಿಲನ್ ದಾಟಿ ಬ್ಯೂಟ್. ಗಣಿಯ ಊರು, ಬೆಟ್ಟದ ಅಂಚಿನಲ್ಲಿ ನಿಂತ ಮೇರಿಮಾತೆಯ ದೊಡ್ಡ ಬಿಳಿ ಮೂರ್ತಿ ಹೈವೇಯಿಂದಲೇ ಕಾಣುತ್ತದೆ. ಹೆಲೆನಾ ಆದಮೇಲೆ ವುಲ್ಫ್ ಕ್ರೀಕ್ ಕಮರಿ, ಪಕ್ಕದಲ್ಲೇ ಮಿಸ್ಸೂರಿ ನದಿ. ಅಲ್ಲಿಯವರೆಗೆ ಚಂದ. ಗ್ರೇಟ್ ಫಾಲ್ಸ್‌ನಿಂದ ಆಚೆಗೆ ಬೆಟ್ಟ ಹಿಂದೆ ಸರಿದು ಬಯಲು ತೆರೆದುಕೊಳ್ಳುತ್ತದೆ. ಚಳಿಯ ಭಯ ಮುಗಿದು ಗಾಳಿಯ ಭಯ ಶುರುವಾಗುವುದು ಇಲ್ಲಿ.

ರಾಕಿ ಪರ್ವತದ ಪಶ್ಚಿಮದಿಂದ ಬರುವ ಗಾಳಿ ಮೇಲೇರುವಾಗ ತನ್ನ ತೇವವನ್ನೆಲ್ಲ ಅಲ್ಲೇ ಸುರಿದು, ಈ ಕಡೆ ಇಳಿಯುವಾಗ ಒಣಗಿ ಬಿಸಿಯಾಗಿ ನುಗ್ಗುತ್ತದೆ. ಅದೇ ಚಿನೂಕ್. ಒಂದೇ ದಿನದಲ್ಲಿ ಹಿಮ ಕರಗಿಸುವ ಗಾಳಿ ಎಂದು ಕ್ಯಾಲ್ಗರಿಯವರಿಗೆ ಅದರ ಮೇಲೆ ಪ್ರೀತಿ. ಆರ್‌ವಿ ಓಡಿಸುವವರಿಗೆ ಅಷ್ಟು ಪ್ರೀತಿ ಇಲ್ಲ. ನಮ್ಮ ಗಾಡಿಯ ಪಕ್ಕೆ ಗೋಡೆಯ ಹಾಗೆ ಚಪ್ಪಟೆ. ಪಶ್ಚಿಮದಿಂದ ಹೊಡೆದರೆ ಇಡೀ ಗಾಡಿ ಪಕ್ಕದ ಲೇನಿಗೆ ಜಾರುತ್ತದೆ. ಎದುರಿನಿಂದ ಟ್ರಕ್ ಬಂದು ಗಾಳಿಗೆ ಒಂದು ಕ್ಷಣ ಮರೆಯಾದರೆ, ತಿರುಗಿಸಿ ಹಿಡಿದ ಸ್ಟೀರಿಂಗ್ ನಮ್ಮನ್ನು ಇನ್ನೊಂದು ಕಡೆಗೆ ಎಳೆಯುತ್ತದೆ. ಇದಕ್ಕೆ ಉಪಾಯ ಮೂರೇ: ಗಂಟೆಗೆ 80–90 ಕಿಲೋಮೀಟರ್ ದಾಟದಿರುವುದು, ಗಾಡಿಯ ಪಕ್ಕದ ಮಡಚುವ ಚಪ್ಪರ (ಆನಿಂಗ್) ಬಿಚ್ಚಿಕೊಳ್ಳದಂತೆ ಪಟ್ಟಿಯಿಂದ ಕಟ್ಟುವುದು, ಗಾಳಿ ಏಳುವ ಮೊದಲೇ ಹೊರಡುವುದು. ಗ್ರೇಟ್ ಫಾಲ್ಸ್‌ನಲ್ಲಿ ಮಲಗಿ ನಸುಕಿಗೇ ಎದ್ದು ಹೊರಟೆವು. ಶೆಲ್ಬಿಯವರೆಗೆ ನಾನು ಓಡಿಸಿದೆ. ಇವರು ಪಕ್ಕದಲ್ಲಿ ಕೂತು ಹಿಡಿಕೆ ಬಿಗಿಯಾಗಿ ಹಿಡಿದಿದ್ದರು. “ರೀ, ಕೈ ಬಿಡಿ, ಗಾಡಿ ನಿಮ್ಮಿಂದ ನಿಂತಿಲ್ಲ,” ಎಂದೆ. ಬಿಡಲಿಲ್ಲ.

ಸ್ವೀಟ್‌ಗ್ರಾಸ್–ಕೂಟ್ಸ್ ಗಡಿಗೆ ಬರುವ ಮೊದಲೇ ಪಟ್ಟಿ ತಯಾರಿರಬೇಕು. 48 ಗಂಟೆಗಿಂತ ಜಾಸ್ತಿ ಹೊರಗಿದ್ದವರಿಗೆ ತಲಾ 800 ಕೆನಡಿಯನ್ ಡಾಲರ್‌ವರೆಗಿನ ಸಾಮಾನಿಗೆ ಸುಂಕ ಇಲ್ಲ. ಗಂಡ ಹೆಂಡತಿ ಎಂದು ಇಬ್ಬರದನ್ನೂ ಒಂದೇ ವಸ್ತುವಿಗೆ ಕೂಡಿಸಿಕೊಳ್ಳುವಂತಿಲ್ಲ. ಗಾಡಿಗೆ ಅಲ್ಲಿ ಮಾಡಿಸಿದ ರಿಪೇರಿ, ಹಾಕಿಸಿದ ಹೊಸ ಸಾಮಾನು, ಎಲ್ಲವನ್ನೂ ಹೇಳಬೇಕು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಬಟ್ಟೆ ಬೂಟಿನ ರಸೀತಿ ಮಾತ್ರ ತೋರಿಸುತ್ತಾರೆ. ದಾರಿಯಲ್ಲಿ ಕೆಟ್ಟು ನಿಂತು, ಮನೆ ಸೇರಲು ಬೇಕೆಂದು ಮಾಡಿಸಿದ ತುರ್ತು ರಿಪೇರಿಗೆ ವಿನಾಯಿತಿ ಇದೆ. ಬ್ಯಾಟರಿಯ ರಸೀತಿ ಇವರ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು. ಉಳಿದ ಸೌದೆಯನ್ನೆಲ್ಲ ಲಾ ಪೋಸಾದಲ್ಲೇ ಹಂಚಿ ಬಂದಿದ್ದೆವು. ಮರದೊಳಗೆ ಹುಳ ಬರುತ್ತದೆಂದು ಸೌದೆ ಗಡಿ ದಾಟುವ ಹಾಗಿಲ್ಲ.

ಬೂತಿನಲ್ಲಿದ್ದ ಹುಡುಗಿ ಎಷ್ಟು ದಿನ ಹೊರಗಿದ್ದಿರಿ, ಬಂದೂಕು ಇದೆಯಾ, ಸೌದೆ ಇದೆಯಾ, ಯಾರಾದರೂ ಕೊಟ್ಟ ಸಾಮಾನು ಇದೆಯಾ ಎಂದು ಕೇಳಿದಳು. ಆಮೇಲೆ ಗಾಡಿ ಪಕ್ಕಕ್ಕೆ ಹಾಕಿಸಿ ಒಬ್ಬ ಅಧಿಕಾರಿ ಒಳಗೆ ಬಂದರು. ಫ್ರಿಜ್ ತೆರೆದರು, ಅರ್ಧ ಡಬ್ಬ ಮೊಸರು ಬಿಟ್ಟರೆ ಏನಿಲ್ಲ. ಮೇಲಿನ ಕಪಾಟಿನಲ್ಲಿ ಸ್ಟೀಲ್ ಡಬ್ಬಗಳ ಸಾಲು. ಪ್ರತಿ ಡಬ್ಬದ ಮೇಲೆ ಟೇಪ್ ಅಂಟಿಸಿ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದೆ: ರಾಗಿ ಹಿಟ್ಟು, ಸಾರಿನ ಪುಡಿ, ಅವಲಕ್ಕಿ. ಅವರು ಸಾರಿನ ಪುಡಿಯ ಮುಚ್ಚಳ ತೆಗೆದು ಮೂಸಿದರು, ಮೂರು ಸಲ ಸೀನಿದರು, ನಗುತ್ತಾ ಇಳಿದು ಹೋದರು. ಬ್ಯಾಟರಿ 800ರ ಒಳಗೇ ಇತ್ತು, ಕಟ್ಟುವುದೇನೂ ಬರಲಿಲ್ಲ.

ಕೂಟ್ಸ್‌ನಿಂದ ಲೆತ್‌ಬ್ರಿಜ್, ಫೋರ್ಟ್ ಮೆಕ್ಲಾಯ್ಡ್, ಆಮೇಲೆ ಹೈವೇ 2. ಗಾಳಿಯಂತ್ರಗಳು ತಿರುಗುತ್ತಿದ್ದವು, ನಮ್ಮ ಅದೃಷ್ಟಕ್ಕೆ ನಿಧಾನವಾಗಿ. ಮನೆಗೆ ಬಂದವರು ಮೊದಲು ಮಾಡಬೇಕಾದದ್ದೂ ನೀರಿನ ಕೆಲಸವೇ. ಹೋಗುವಾಗ ಬಂದ್ ಮಾಡಿದ ಮೇನ್ ವಾಲ್ವನ್ನು ಸ್ವಲ್ಪ ಸ್ವಲ್ಪ ತೆರೆದು, ಎಲ್ಲ ನಲ್ಲಿಯ ಗಾಳಿ ಹೋಗುವವರೆಗೆ ಬಿಟ್ಟೆ. ಬೇಸ್‌ಮೆಂಟಿನ ನೆಲದ ಜಾಲರಿಯ ಕೆಳಗಿನ ಪೈಪಿನ ಬಾಗಿನಲ್ಲಿ ನೀರು ಒಣಗಿ ವಾಸನೆ ಬರುತ್ತಿತ್ತು, ಒಂದು ಬಕೆಟ್ ನೀರು ಸುರಿದ ಮೇಲೆ ನಿಂತಿತು. ನಾವಿಲ್ಲದಾಗ ಮಗಳು ಆಗಾಗ ಬಂದು ಮನೆ ನೋಡಿ ಹೋದ ದಿನಗಳನ್ನು ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ ಬರೆದಿದ್ದಳು. ಇನ್ಶೂರೆನ್ಸ್‌ನವರು ಕೇಳಿದರೆ ಅದು ಬೇಕು.

ಗಾಡಿಯನ್ನು ಊರ ಹೊರಗಿನ ಸ್ಟೋರೇಜ್ ಯಾರ್ಡಿನಲ್ಲಿ ನಿಲ್ಲಿಸಿದ್ದೇವೆ. ಪೈಪಿನಲ್ಲಿ ಪಿಂಕು ಹಾಗೇ ಇದೆ. ಮೇ ತಿಂಗಳ ವಿಕ್ಟೋರಿಯಾ ಡೇ ವಾರಾಂತ್ಯದವರೆಗೆ ನಾನು ಅದನ್ನು ತೆಗೆಯುವುದಿಲ್ಲ, ಇಲ್ಲಿ ತೋಟಕ್ಕೆ ಸಸಿ ನೆಡುವವರೂ ಆಗಲೇ ಧೈರ್ಯ ಮಾಡುವುದು. ಹೊಸ ಆ್ಯನೋಡ್ ರಾಡ್ ತಂದಿಟ್ಟಾಗಿದೆ. 8840 ಫಾರ್ಮ್ ಜೂನ್ 15ರೊಳಗೆ ಹೋಗಬೇಕು. ಇವರು ಊಟದ ಮೇಜಿನ ಮೇಲೆ ನೋಟ್‌ಬುಕ್ ಹರಡಿಕೊಂಡು ದಿನ ಎಣಿಸುತ್ತಿದ್ದಾರೆ. ಐಡಹೊದಲ್ಲಿ ಕಾದ ದಿನಗಳೂ ಅಮೆರಿಕದ ಲೆಕ್ಕಕ್ಕೇ ಹೋಗಿವೆ ಎಂದು ಗೊಣಗುತ್ತಿದ್ದಾರೆ.